ಮಂಡ್ಯದಿಂದ ಡಾ ನಾಂಗ್‌ಗೆ ಒಬ್ಬಳೇ: ಪಾಸ್‌ಪೋರ್ಟ್‌ನಿಂದ ಕಬ್ಬಿನ ಹಾಲಿನ ತನಕ

ವಿಯೆಟ್ನಾಂನ ಡಾ ನಾಂಗ್‌ನಿಂದ ವಾಪಸ್ ಬಂದು ಒಂದು ವಾರವಾಯಿತು. ಸಿಕ್ಕವರೆಲ್ಲ ಎರಡು ಪ್ರಶ್ನೆ ಕೇಳುತ್ತಾರೆ. ಒಬ್ಬರೇ ಹೋಗಿದ್ರಾ? ಎಷ್ಟಾಯ್ತು? ಎರಡಕ್ಕೂ ಉತ್ತರ ಇಲ್ಲಿದೆ. ಆದರೆ ಅದಕ್ಕಿಂತ ಮುಖ್ಯವಾದ ಒಂದು ಮಾತು ನನಗೆ ಮೊದಲೇ ಯಾರೂ ಹೇಳಲಿಲ್ಲ. ಒಬ್ಬಳೇ ಪರದೇಶಕ್ಕೆ ಹೋಗುವಾಗ ಇಡೀ ವಾರಕ್ಕೆ ಪ್ಲಾನ್ ಮಾಡಬೇಕಾಗಿಲ್ಲ. ಇಳಿದ ಮೇಲಿನ ಮೊದಲ ಆರು ಗಂಟೆಗೆ ಮಾಡಿದರೆ ಸಾಕು. ಆ ಆರು ಗಂಟೆ ನನಗೆ ಹೇಗೆ ಕಳೆಯಿತು, ಅದಕ್ಕೆ ಮುಂಚಿನ ಐದು ತಿಂಗಳ ಓಡಾಟ ಹೇಗಿತ್ತು ಅಂತ ಪೂರ್ತಿ ಬರೆಯುತ್ತೇನೆ. ಮುಂದೆ ಹೋಗುವ ಯಾರಿಗಾದರೂ ಒಂದಷ್ಟು ಗಾಬರಿ ಕಡಿಮೆಯಾದರೆ ಸಾಕು.

ನಾನು ಮಂಡ್ಯದ ಹತ್ತಿರದ ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ವಯಸ್ಸು 44. ಮನೆಯಲ್ಲಿ ನಾನು, ಅವ್ವ ಇಬ್ಬರೇ. ಇಪ್ಪತ್ತು ವರ್ಷ ಮಕ್ಕಳಿಗೆ ಭೂಪಟದಲ್ಲಿ ದೇಶಗಳನ್ನು ತೋರಿಸಿದ್ದೇನೆ. ಒಂದನ್ನಾದರೂ ಕಣ್ಣಾರೆ ನೋಡಬೇಕು ಅನ್ನುವ ಆಸೆ ಬಹಳ ದಿನದಿಂದ ಇತ್ತು. ಡಾ ನಾಂಗ್ ಯಾಕೆ ಅಂದರೆ, ಅಲ್ಲಿ ಸಮುದ್ರ ಇದೆ, ಟಿಕೆಟ್ ನನ್ನ ಕೈಗೆ ಎಟಕುವಂತಿತ್ತು, ವೀಸಾ ಮನೆಯಲ್ಲೇ ಕೂತು ಮಾಡಿಸಬಹುದಿತ್ತು. ಜೊತೆಗೆ ಅದು ಹಿಂದೆ ಚಂಪಾ ರಾಜ್ಯ ಇದ್ದ ಸೀಮೆ. ಅಲ್ಲಿನ ರಾಜರು ಶಿವನಿಗೆ ಗುಡಿ ಕಟ್ಟಿಸಿ ಸಂಸ್ಕೃತದಲ್ಲಿ ಶಾಸನ ಬರೆಸಿದ್ದರು ಅಂತ ಓದಿದ್ದೆ. ಅದು ತಲೆಯಲ್ಲಿ ಕೂತುಬಿಟ್ಟಿತ್ತು.

ಶುರುವಾಗಿದ್ದು 2024ರ ಡಿಸೆಂಬರ್‌ನಲ್ಲಿ, ಪಾಸ್‌ಪೋರ್ಟ್‌ನಿಂದ. ಸರ್ಕಾರಿ ನೌಕರರು ಇಲಾಖೆಯಿಂದ ನಿರಾಕ್ಷೇಪಣಾ ಪತ್ರ ತಂದರೇ ಪಾಸ್‌ಪೋರ್ಟ್ ಅಂತ ಬಹಳ ಜನ ಇನ್ನೂ ನಂಬಿದ್ದಾರೆ. ಹಾಗಿಲ್ಲ. 'ನಾನು ಪಾಸ್‌ಪೋರ್ಟ್‌ಗೆ ಅರ್ಜಿ ಹಾಕುತ್ತಿದ್ದೇನೆ' ಅಂತ ನಮ್ಮ ಕಚೇರಿಗೆ ಮುಂಚಿತವಾಗಿ ತಿಳಿಸುವ ಪತ್ರ ಒಂದಿದೆ, ಅನುಬಂಧ ಎಚ್ ಅನ್ನುತ್ತಾರೆ. ಅದನ್ನು ಕಚೇರಿಗೆ ಕೊಟ್ಟು, ಸ್ವೀಕೃತಿ ಹಾಕಿಸಿಕೊಂಡು, ಆ ಪ್ರತಿಯನ್ನು ಜೊತೆಗೆ ಒಯ್ದರೆ ಆಯಿತು. ನನಗೆ ಬೇಗ ಸ್ಲಾಟ್ ಸಿಕ್ಕಿದ್ದು ಮೈಸೂರಿನ ಅಂಚೆ ಕಚೇರಿಯ ಪಾಸ್‌ಪೋರ್ಟ್ ಕೇಂದ್ರದಲ್ಲಿ. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಮಾಡಿಕೊಡುವ ಪದ್ಧತಿ 2017ರ ಜನವರಿಯಲ್ಲಿ ಶುರುವಾದಾಗ ದೇಶದಲ್ಲಿ ಮೊದಲು ತೆರೆದ ಎರಡು ಕೇಂದ್ರಗಳಲ್ಲಿ ಮೈಸೂರಿನದೂ ಒಂದು. ಇನ್ನೊಂದು ಗುಜರಾತಿನ ದಾಹೋದ್‌ನದು. ಫೀಸು 1500 ರೂಪಾಯಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಅಸಲಿಯನ್ನು ಮರೆಯದೆ ಒಯ್ಯಿರಿ. ಹುಟ್ಟಿದ ದಿನಾಂಕಕ್ಕೂ ಅದೇ ಪುರಾವೆ, ಓದಿಗೂ ಅದೇ.

ತೊಡಕು ಬಂದಿದ್ದು ಹೆಸರಿನಲ್ಲಿ. ನಮ್ಮ ಕಡೆ ಹೆಸರಿನ ಹಿಂದೆ ಎರಡು ಇನಿಷಿಯಲ್ ಇರುತ್ತವೆ, ಅಲ್ವಾ? ಒಂದು ಊರಿನದು, ಒಂದು ಅಪ್ಪನದು. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಆಧಾರ್‌ನಲ್ಲಿ ನನ್ನ ಹೆಸರಿನ ಹಿಂದೆ ಬರೀ ಒಂದು ಅಕ್ಷರ ಇತ್ತು, ಅಂಕಪಟ್ಟಿಯಲ್ಲಿ ಎರಡು. ಮೊದಲು ಆಧಾರ್ ತಿದ್ದಿಸಿಕೊಂಡು ಬಂದೆ, ಅದಕ್ಕೇ ಎರಡು ವಾರ ಹೋಯಿತು. ಕೊನೆಗೆ ಪಾಸ್‌ಪೋರ್ಟ್‌ನ ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರು ಬಂತು. ಅಪ್ಪನದು ಶಿವನ ಹೆಸರು, ನಮ್ಮೂರಲ್ಲಿ ಮನೆಗೊಬ್ಬರಿಗೆ ಇರುವಂಥದ್ದು. ಅವರು ತೀರಿಕೊಂಡು ಹನ್ನೊಂದು ವರ್ಷವಾಯಿತು. ಬದುಕಿದ್ದಾಗ ಧರ್ಮಸ್ಥಳ ಬಿಟ್ಟು ಆಚೆ ಹೋದವರಲ್ಲ. ಪುಸ್ತಕದಲ್ಲಿ ಆ ಹೆಸರು ನನ್ನ ಹೆಸರಿಗಿಂತ ಮೇಲೆ ಅಚ್ಚಾಗಿದ್ದನ್ನು ನೋಡಿ ಅವ್ವ ಬೆರಳಲ್ಲಿ ಸವರಿದಳು.

ಪಾಸ್‌ಪೋರ್ಟ್ ಬಂದ ಮೇಲೆ ಇಲಾಖೆಯ ಅನುಮತಿ. ಪುಸ್ತಕ ಮಾಡಿಸಲು ತಿಳಿಸಿದರೆ ಸಾಕು, ಆದರೆ ದೇಶ ಬಿಟ್ಟು ಹೋಗಲು ಅನುಮತಿ ಬೇಕೇ ಬೇಕು. ಇವೆರಡನ್ನೂ ಒಂದೇ ಅಂದುಕೊಳ್ಳಬೇಡಿ. ಎಲ್ಲಿಗೆ, ಯಾವ ದಿನದಿಂದ ಯಾವ ದಿನದವರೆಗೆ, ಖರ್ಚಿನ ಹಣ ಎಲ್ಲಿಂದ ಅಂತ ಬರೆದು, ಪಾಸ್‌ಪೋರ್ಟ್ ಪ್ರತಿ ಲಗತ್ತಿಸಿ ಜನವರಿ ಕೊನೆಯಲ್ಲಿ ಕೊಟ್ಟೆ. ಕೈಗೆ ಸಿಕ್ಕಿದ್ದು ಏಪ್ರಿಲ್ 3ಕ್ಕೆ. ಮಧ್ಯೆ ಒಂದು ಮೇಜಿನ ಮೇಲೆ ಐದು ವಾರ ಸುಮ್ನೆ ಮಲಗಿತ್ತು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ಹೋಗಿ ಕೇಳಿದಾಗೆಲ್ಲ 'ಮುಂದಿನ ವಾರ ಬನ್ನಿ ಮೇಡಂ' ಅನ್ನುವ ಉತ್ತರ. ಎರಡು ಸಲ ಬಸ್ ಸ್ಟ್ಯಾಂಡಿನಲ್ಲಿ ಕೂತು, ಇದೆಲ್ಲ ನನಗೆ ಬೇಕಿತ್ತಾ ಅಂತ ಕಣ್ಣೀರು ಒರೆಸಿಕೊಂಡಿದ್ದೇನೆ. ಪ್ರತಿ ಸಲ ಹೋದಾಗಲೂ ಕಡತದ ಸಂಖ್ಯೆ ಬರೆದುಕೊಂಡು ಬನ್ನಿ. ಸಂಖ್ಯೆ ಹೇಳಿ ಕೇಳಿದರೆ ಕಡತ ಹುಡುಕುತ್ತಾರೆ, ಹೆಸರು ಹೇಳಿದರೆ ಹುಡುಕುವುದಿಲ್ಲ. ಅನುಮತಿ ಕೈಗೆ ಬರುವ ತನಕ ಟಿಕೆಟ್ ತೆಗೆಯಬೇಡಿ.

ಇನ್ನು ವೀಸಾ. ವಿಯೆಟ್ನಾಂನದು ಇ-ವೀಸಾ. ಒಂದು ಸಲ ಒಳಗೆ ಹೋಗಿ ಬರಲು 25 ಡಾಲರ್, ಹಲವು ಸಲಕ್ಕೆ 50 ಡಾಲರ್. 2023ರ ಆಗಸ್ಟ್‌ನಿಂದ 90 ದಿನದವರೆಗೆ ಕೊಡುತ್ತಾರೆ. ಮೂರು ಕೆಲಸದ ದಿನ ಅಂತ ಬರೆದಿರುತ್ತದೆ, ಆದರೆ ಆ ಲೆಕ್ಕ ಅವರ ರಜೆ ನೋಡಿಕೊಂಡು ನಡೆಯುತ್ತದೆ. ನಾನು ಅರ್ಜಿ ಹಾಕಿಸಿದ್ದು ಏಪ್ರಿಲ್ 5ರ ಶನಿವಾರ. ಸೋಮವಾರ ಅವರಿಗೆ ಹುಂಗ್ ರಾಜರ ದಿನದ ರಜೆ. ವೀಸಾ ಬಂದಿದ್ದು 11ಕ್ಕೆ.

ಹಾಕಿಸಿದ್ದು ಅಂದೆ. ನಾನೇ ಹಾಕಲು ಧೈರ್ಯ ಸಾಲದೆ ಒಬ್ಬ ಏಜೆಂಟ್ ಕೈಗೆ ಕೊಟ್ಟೆ. ಅವರು ಸರ್‌ನೇಮ್ ಜಾಗದಲ್ಲಿ ನನ್ನ ಹೆಸರು ಹಾಕಿ, ಅಪ್ಪನ ಹೆಸರನ್ನು ಪೂರ್ತಿ ಬಿಟ್ಟುಬಿಟ್ಟಿದ್ದರು. 'ಏನಾಗಲ್ಲ ಮೇಡಂ, ಪಾಸ್‌ಪೋರ್ಟ್ ನಂಬರ್ ಸರಿ ಇದ್ಯಲ್ಲ' ಅಂದರು. ರಾತ್ರಿ ಎಲ್ಲ ನಿದ್ದೆ ಬರಲಿಲ್ಲ. ಬೆಳಿಗ್ಗೆ ನಾನೇ ಕೂತು ಹೊಸ ಅರ್ಜಿ ಹಾಕಿದೆ. ಕಟ್ಟಿದ ದುಡ್ಡು ವಾಪಸ್ ಬರುವುದಿಲ್ಲ. ಬ್ಯಾಂಕ್ ಶುಲ್ಕ ಸೇರಿ ಇನ್ನೊಂದು ಸಲ 2,200 ರೂಪಾಯಿ ಹೋಯಿತು. ಇಪ್ಪತ್ತು ನಿಮಿಷದ ಕೆಲಸ, ಏನೂ ಕಷ್ಟವಿಲ್ಲ. ಎರಡನೆಯದು ಏಪ್ರಿಲ್ 17ಕ್ಕೆ ಬಂತು, ಹೆಸರು ಅಕ್ಷರಕ್ಕೆ ಅಕ್ಷರ ಸರಿಯಾಗಿತ್ತು. ಬೆಂಗಳೂರು ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರಿನಲ್ಲಿ ಹುಡುಗಿ ಪೆನ್ನು ಹಿಡಿದು ಪಾಸ್‌ಪೋರ್ಟ್‌ಗೂ ವೀಸಾಗೂ ಒಂದೊಂದು ಅಕ್ಷರ ಹೋಲಿಸಿ ನೋಡಿದಳು. ಹಳೆಯದನ್ನೇ ಒಯ್ದಿದ್ದರೆ ಅಲ್ಲಿಂದಲೇ ಮನೆಗೆ ಬರಬೇಕಿತ್ತು.

ಅರ್ಜಿ ಹಾಕುವವರು ಎರಡು ವಿಷಯ ನೋಡಿಕೊಳ್ಳಿ. ಸರ್ಕಾರಿ ವೆಬ್‌ಸೈಟ್ ವಿಳಾಸದ ಕೊನೆಯಲ್ಲಿ 'ಗವ್ ಡಾಟ್ ವಿಎನ್' ಇರಬೇಕು. ಅದೇ ರೀತಿ ಕಾಣುವ, ದುಪ್ಪಟ್ಟು ದುಡ್ಡು ಕೇಳುವ ಸೈಟುಗಳು ಬೇಕಾದಷ್ಟಿವೆ. ಇನ್ನೊಂದು, ನೀವು ಯಾವ ವಿಮಾನ ನಿಲ್ದಾಣದಿಂದ ದೇಶದೊಳಗೆ ಕಾಲಿಡುತ್ತೀರಿ ಅಂತ ಕೇಳುತ್ತದೆ. ಸೀದಾ ಡಾ ನಾಂಗ್‌ಗೆ ಇಳಿದರೆ ಡಾ ನಾಂಗ್. ಹೋ ಚಿ ಮಿನ್ ನಗರದಲ್ಲಿ ಇಳಿದು ಅಲ್ಲಿಂದ ಬೇರೆ ವಿಮಾನ ಹತ್ತುವುದಾದರೆ ಹೋ ಚಿ ಮಿನ್‌ನದೇ ಹಾಕಬೇಕು.

ನನ್ನದು ಕ್ವಾಲಾಲಂಪುರದ ಮೇಲೆ ಟಿಕೆಟ್, ಹೋಗಿ ಬರಲು 27,300 ರೂಪಾಯಿ. ಎರಡು ಬೇರೆ ಬೇರೆ ಟಿಕೆಟ್ ತೆಗೆದರೆ ಸ್ವಲ್ಪ ಕಡಿಮೆಗೆ ಸಿಗುತ್ತಿತ್ತು. ತೆಗೆಯಲಿಲ್ಲ. ಒಂದೇ ಟಿಕೆಟ್ ಆದರೆ ಲಗೇಜು ಸೀದಾ ಹೋಗುತ್ತದೆ, ಮಲೇಷ್ಯಾದಲ್ಲಿ ಹೊರಗೆ ಬಂದು ಮತ್ತೆ ಒಳಗೆ ಹೋಗುವ ರಗಳೆ ಇಲ್ಲ. ಮೊದಲ ಸಲ ಹೋಗುವವರು ಇದೊಂದರಲ್ಲಿ ದುಡ್ಡು ಉಳಿಸಲು ಹೋಗಬೇಡಿ.

ಏಪ್ರಿಲ್ 27, ಭಾನುವಾರ. ಅಮಾವಾಸ್ಯೆ ದಿನ ಹೊರಡುವುದಕ್ಕೆ ಅವ್ವನಿಗೆ ಇಷ್ಟವಿರಲಿಲ್ಲ. 'ಯಾಕವ್ವಾ ಒಬ್ಳೇ ಹೋಯ್ತೀಯ, ಜೊತೆಗೆ ಯಾರಾದ್ರೂ ಇರ್ಬಾರ್ದಾ?' ಅಂತ ಬಾಗಿಲ ತನಕ ಕೇಳುತ್ತಲೇ ಬಂದಳು. ಜೊತೆಗೆ ಬರುವವರಿಗಾಗಿ ಕಾಯುತ್ತಲೇ ನನಗೆ 44 ಆಯಿತು ಅಂತ ಹೇಳಲಿಲ್ಲ. ಮಂಡ್ಯದಿಂದ ರೈಲಿನಲ್ಲಿ ಬೆಂಗಳೂರು, ಮೆಜೆಸ್ಟಿಕ್‌ನಿಂದ ವಾಯುವಜ್ರ ಬಸ್. ಎಮಿಗ್ರೇಷನ್‌ನಲ್ಲಿ ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್ ಕೇಳಿದರು. 'ಏನ್ ಕೆಲಸ?' ಅಂದರು. ಟೀಚರ್ ಅಂದೆ. ಅನುಮತಿ ಪತ್ರ ತೆಗೆದು ಮುಂದಿಟ್ಟೆ. ಓದಿ, ಮುದ್ರೆ ಒತ್ತಿ ಕೊಟ್ಟರು. ಐದು ವಾರ ಮೇಜಿನ ಮೇಲೆ ಮಲಗಿದ್ದ ಕಾಗದಕ್ಕೆ ಅವತ್ತು ಬೆಲೆ ಬಂತು.

ರಾತ್ರಿ ವಿಮಾನದಲ್ಲಿ ನಾಲ್ಕು ಗಂಟೆಯ ಪ್ರಯಾಣ, ಕ್ವಾಲಾಲಂಪುರದಲ್ಲಿ ಐದು ಗಂಟೆ ಕಾಯುವುದು, ಮತ್ತೆ ಎರಡೂಮುಕ್ಕಾಲು ಗಂಟೆ. ಹೇಳುವಂಥದ್ದೇನೂ ಇಲ್ಲ. ಚಳಿ ಇರುತ್ತದೆ, ಒಂದು ಶಾಲು ಕೈಯಲ್ಲಿರಲಿ.

ಇಲ್ಲಿಂದ ನನ್ನ ಆರು ಗಂಟೆ ಶುರು.

ಡಾ ನಾಂಗ್‌ನಲ್ಲಿ ಇಳಿದಾಗ ಮಧ್ಯಾಹ್ನ 1.30. ನಮಗಿಂತ ಅವರ ಗಡಿಯಾರ ಒಂದೂವರೆ ಗಂಟೆ ಮುಂದೆ. ಇಮಿಗ್ರೇಷನ್ ಸಾಲಿನಲ್ಲಿ ಒಂದು ಗಂಟೆ ಹತ್ತು ನಿಮಿಷ ನಿಂತೆ. ಅಧಿಕಾರಿ ಪಾಸ್‌ಪೋರ್ಟ್ ತೆರೆದು ಮೊದಲು ಓದಿದ್ದು ಅಪ್ಪನ ಹೆಸರನ್ನು. ಅವರ ಬಾಯಲ್ಲಿ ಅದು ತುಂಡು ತುಂಡಾಗಿ, ಒಂದೊಂದು ಅಕ್ಷರಕ್ಕೂ ಒಂದೊಂದು ರಾಗ ಹತ್ತಿ ಬಂತು. ಒಂದು ಕ್ಷಣ ನನಗೆ ಗೊತ್ತಾಗಲಿಲ್ಲ. ಆಮೇಲೆ 'ಹೌದು, ನಾನೇ' ಅಂದೆ. ಆ ವಾರ ಪೂರ್ತಿ ಎಲ್ಲ ಕಡೆ ನನ್ನನ್ನು ಕರೆದಿದ್ದು ಆ ಹೆಸರಿನಿಂದಲೇ. ಧರ್ಮಸ್ಥಳ ದಾಟದ ಮನುಷ್ಯನ ಹೆಸರು ಸಮುದ್ರದಾಚೆಯ ಊರಿನಲ್ಲಿ ಅಷ್ಟು ಸಲ ಜೋರಾಗಿ ಕೇಳಿಸಿತು.

ಹೊರಗೆ ಬಂದ ಕೂಡಲೇ ಸಿಮ್ ತಗೊಳ್ಳಿ, ಕೌಂಟರುಗಳು ಅಲ್ಲೇ ಇವೆ. ನಮ್ಮ ಯುಪಿಐ ನನಗೆ ಎಲ್ಲೂ ಕೆಲಸಕ್ಕೆ ಬರಲಿಲ್ಲ. ರೂಪಾಯಿ ಒಯ್ದರೆ ಬದಲಾಯಿಸುವುದು ಕಷ್ಟ. ಮಡಿಕೆ, ಕಲೆ ಇಲ್ಲದ ಡಾಲರ್ ನೋಟು ಒಯ್ಯಿರಿ. ವಿಮಾನ ನಿಲ್ದಾಣದಲ್ಲಿ 50 ಡಾಲರ್ ಮಾತ್ರ ಬದಲಾಯಿಸಿದೆ, ಉಳಿದಿದ್ದನ್ನು ಊರೊಳಗೆ. ಡೆಬಿಟ್ ಕಾರ್ಡ್ ವಿದೇಶದಲ್ಲಿ ನಡೆಯಬೇಕಾದರೆ ಬ್ಯಾಂಕಿನ ಆ್ಯಪ್‌ನಲ್ಲಿ ಆ ಗುಂಡಿಯನ್ನು ಮಂಡ್ಯದಲ್ಲೇ ಆನ್ ಮಾಡಿಕೊಂಡು ಹೋಗಿ. ಅಲ್ಲಿ ಹೋದ ಮೇಲೆ ಒಟಿಪಿ ಬರುವುದು ಅನುಮಾನ.

ಅಲ್ಲಿನ ಹಣ ಡಾಂಗ್. ನಮ್ಮ ಒಂದು ರೂಪಾಯಿಗೆ ಸುಮಾರು 300 ಡಾಂಗ್. ಸೊನ್ನೆ ನೋಡಿಯೇ ತಲೆ ತಿರುಗುತ್ತದೆ. ನಾನು ಮಾಡಿಕೊಂಡ ಲೆಕ್ಕ ಇದು: ಮೂರು ಸೊನ್ನೆ ತೆಗೆದುಹಾಕಿ, ಉಳಿದಿದ್ದನ್ನು ಮೂರೂಕಾಲರಿಂದ ಗುಣಿಸಿ. ಒಂದು ಲಕ್ಷ ಡಾಂಗ್ ಅಂದರೆ ಸುಮಾರು 325 ರೂಪಾಯಿ, ಅಷ್ಟೇ.

ಅಲ್ಲಿ ಗ್ರ್ಯಾಬ್ ಆ್ಯಪ್ ಇದೆ, ನಮ್ಮ ಓಲಾ ಊಬರ್ ತರಹ. ದರ ಮೊದಲೇ ತೋರಿಸುತ್ತದೆ, ಚೌಕಾಸಿ ಇಲ್ಲ. ವಿಮಾನ ನಿಲ್ದಾಣ ಊರೊಳಗೇ ಇದೆ. ಹಾನ್ ನದಿ ದಾಟಿ, ಮಿ ಖೆ ಕಡಲ ತೀರದ ಪಕ್ಕದ ಹೋಟೆಲ್‌ಗೆ ಇಪ್ಪತ್ತು ನಿಮಿಷದಲ್ಲಿ ಹೋದೆ. ದಾರಿಯುದ್ದ ಕೆಂಪು ಹಳದಿ ಬಾವುಟ. ಕಂಬಕ್ಕೊಂದು, ಅಂಗಡಿಗೊಂದು, ಮನೆಗೊಂದು. ನಮ್ಮ ರಾಜ್ಯೋತ್ಸವದ ದಿನ ಮಂಡ್ಯದ ಬೀದಿ ಹೀಗೇ ಇರುತ್ತದೆ. ಅವರದು ಕೆಂಪು ಬಟ್ಟೆಯ ಮೇಲೆ ಹಳದಿ ನಕ್ಷತ್ರ, ಆದರೂ ಬಣ್ಣ ಅವೇ. ಎದೆಯ ಬಿಗುವು ಸ್ವಲ್ಪ ಸಡಿಲವಾಯಿತು.

ಆ ಬಾವುಟ ಯಾಕೆ ಅಂತ ಹೋಟೆಲ್‌ನಲ್ಲಿ ಗೊತ್ತಾಯಿತು. ಏಪ್ರಿಲ್ 30 ಅವರ ದೊಡ್ಡ ದಿನ. 1975ರಲ್ಲಿ ಯುದ್ಧ ಮುಗಿದು ದೇಶ ಒಂದಾದ ದಿನ. 2025ಕ್ಕೆ ಸರಿಯಾಗಿ 50 ವರ್ಷ. ಮೇ 1 ಕಾರ್ಮಿಕರ ದಿನ, ಅದಕ್ಕೆ ವಾರಾಂತ್ಯ ಸೇರಿ ಮೇ 4ರ ತನಕ ಇಡೀ ದೇಶಕ್ಕೆ ರಜೆ. ಎಲ್ಲರೂ ಕಡಲ ತೀರಕ್ಕೆ ಬರುತ್ತಾರೆ. ನಾನು ಆರು ರಾತ್ರಿಗೆ ಆ್ಯಪ್‌ನಲ್ಲಿ ಬುಕ್ ಮಾಡಿದ್ದೆ. ಕೌಂಟರಿನ ಹುಡುಗಿ ಫೋನಿನ ಅನುವಾದ ತೋರಿಸಿದಳು: 'ನಿಮಗೆ ಎರಡು ರಾತ್ರಿ ಮಾತ್ರ ಇದೆ.' ರಜೆಯ ದಿನಗಳಿಗೆ ನನ್ನ ಬುಕಿಂಗ್ ಅವರ ಕಡೆ ದಾಖಲಾಗಿಯೇ ಇರಲಿಲ್ಲ. ಆ್ಯಪ್‌ನವರಿಗೆ ಬರೆದೆ, ಉತ್ತರ ಬಂದಿದ್ದು ಎರಡು ದಿನದ ಮೇಲೆ.

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಆ ಹೊತ್ತನ್ನು ಮುಚ್ಚಿಡುವುದಿಲ್ಲ. ಮಂಚದ ಮೇಲೆ ಕೂತವಳಿಗೆ ಏಳಲು ಆಗಲಿಲ್ಲ. ಹೊರಗಡೆ ಗೊತ್ತಿಲ್ಲದ ಭಾಷೆ, ಬೇರೆ ಜನ. ಎರಡು ದಿನದ ಮೇಲೆ ಇರಲು ಜಾಗವಿಲ್ಲ. ಏನಾದರೂ ಆದರೆ ನನ್ನ ಹೆಸರನ್ನು ಸರಿಯಾಗಿ ಹೇಳುವವರು ಕೂಡ ಇಲ್ಲಿ ಯಾರೂ ಇಲ್ಲ. ಅವ್ವನಿಗೆ ಫೋನ್ ಮಾಡಿದೆ. 'ಊಟ ಆಯ್ತಾ?' ಅಂದಳು. ಆಗಿರಲಿಲ್ಲ. 'ಮೊದ್ಲು ಉಣ್ಣವ್ವ, ಆಮೇಲೆ ಯೋಚ್ನೆ ಮಾಡಿವಂತೆ' ಅಂದಳು. ಎದ್ದು ಹೊರಗೆ ಬಂದೆ.

ಇಲ್ಲೇ ನನ್ನ ತಪ್ಪು ಇದ್ದಿದ್ದು. ಆರು ದಿನ ಏನೇನು ನೋಡುವುದು ಅಂತ ಗಂಟೆಗಂಟೆಗೂ ಬರೆದುಕೊಂಡಿದ್ದೆ. ಮೊದಲ ದಿನ ಸಂಜೆ ಎಲ್ಲಿ ಉಣ್ಣುವುದು ಅಂತ ಬರೆದುಕೊಂಡಿರಲಿಲ್ಲ. ನೀವು ಅದನ್ನು ಬರೆದುಕೊಳ್ಳಿ. ಹೋಟೆಲ್‌ನಿಂದ ನಡೆದುಹೋಗುವಷ್ಟು ದೂರದ ಒಂದು ಊಟದ ಜಾಗ, ಹೋಟೆಲ್ ವಿಳಾಸ ಅವರ ಭಾಷೆಯಲ್ಲಿ, ಇನ್ನೊಂದು ಹೋಟೆಲ್‌ನ ಹೆಸರು. ಮೂರೂ ಫೋನಿನಲ್ಲಿ ಚಿತ್ರವಾಗಿ ಇರಲಿ, ನೆಟ್ ಇಲ್ಲದಿದ್ದರೂ ಕಾಣುವಂತೆ. ಊಟ ಮಾಡಿ, ಮಲಗಲು ಜಾಗ ಇದೆ ಅಂತ ಖಾತ್ರಿಯಾದ ಮೇಲೆ ಊರು ಬೇರೆಯೇ ಕಾಣುತ್ತದೆ.

ರಸ್ತೆ ದಾಟುವುದು ಮೊದಲ ಪರೀಕ್ಷೆ. ಸ್ಕೂಟರುಗಳ ಹೊಳೆ, ನಿಲ್ಲುವುದೇ ಇಲ್ಲ. ಹತ್ತು ನಿಮಿಷ ಅಂಚಿನಲ್ಲಿ ನಿಂತಿದ್ದೆ. ಆಮೇಲೆ ಒಬ್ಬ ಅಜ್ಜಿ ತರಕಾರಿ ಚೀಲ ಹಿಡಿದು ಇಳಿದಳು. ಓಡಲಿಲ್ಲ, ನಿಲ್ಲಲಿಲ್ಲ, ಒಂದೇ ಸಮ ನಿಧಾನವಾಗಿ ನಡೆದಳು. ಸ್ಕೂಟರುಗಳೇ ಅತ್ತ ಇತ್ತ ಸರಿದು ಹೋದವು. ನಾನು ಅವಳ ಪಕ್ಕ ಸೇರಿಕೊಂಡೆ. ಗುಟ್ಟು ಅಷ್ಟೇ. ಮಧ್ಯದಲ್ಲಿ ಹೆದರಿ ಹಿಂದೆ ಬರಬೇಡಿ, ಅವರು ನಿಮ್ಮ ನಡಿಗೆ ನೋಡಿ ದಾರಿ ಲೆಕ್ಕ ಹಾಕಿರುತ್ತಾರೆ.

ಆಚೆ ಬದಿಯಲ್ಲಿ ಒಂದು ಗಾಡಿ. ಹಲ್ಲಿನ ಚಕ್ರಗಳ ಮಧ್ಯೆ ಕಬ್ಬು ತೂರಿಸುತ್ತಿದ್ದಾರೆ, ಕೆಳಗೆ ಹಾಲು ಸುರಿಯುತ್ತಿದೆ. ನಾನು ಸಕ್ಕರೆ ಊರಿನವಳು. 1933ರಲ್ಲಿ ಮೈಷುಗರ್ ಕಾರ್ಖಾನೆ ಬಂದಾಗಿನಿಂದ ನಮ್ಮ ಮನೆಯ ಅನ್ನ ಕಬ್ಬಿನದು, ತಾತನ ಕಾಲದಿಂದ. ಸಿಪ್ಪೆಯ ವಾಸನೆ ಬಂದ ಕೂಡಲೇ ಕಾಲು ತಾನಾಗಿ ಅತ್ತ ಹೋಯಿತು. ಅವರು ಅದನ್ನು ನ್ಯೂಕ್ ಮಿಯಾ ಅನ್ನುತ್ತಾರೆ. ಶುಂಠಿ ಇಲ್ಲ, ಕಬ್ಬಿನ ಜೊತೆಗೆ ಗೋಲಿ ಗಾತ್ರದ ಹುಳಿ ಕಿತ್ತಳೆಯಂಥ ಹಣ್ಣು ಹಾಕಿ ಹಿಂಡುತ್ತಾರೆ. ನಿಂಬೆಗಿಂತ ಘಮ ಜಾಸ್ತಿ.

ಲೋಟ ಖಾಲಿ ಮಾಡಿ ನೀಲಿ ನೋಟು ಕೊಟ್ಟೆ. ಗಾಡಿಯ ಹೆಂಗಸು ತೆಗೆದುಕೊಳ್ಳಲಿಲ್ಲ. ತಲೆ ಅಲ್ಲಾಡಿಸಿ, ತನ್ನ ಡಬ್ಬಿಯಿಂದ ಇನ್ನೊಂದು ನೀಲಿ ನೋಟು ತೆಗೆದು ನನ್ನದರ ಪಕ್ಕ ಇಟ್ಟಳು. ನಾನು ಕೊಟ್ಟಿದ್ದು 5 ಲಕ್ಷದ್ದು, ಅವಳು ತೋರಿಸಿದ್ದು 20 ಸಾವಿರದ್ದು. ನೋಡಲು ಹೆಚ್ಚು ಕಡಿಮೆ ಒಂದೇ. ಬೆಲೆಯಲ್ಲಿ 1,600 ರೂಪಾಯಿಗೂ 65 ರೂಪಾಯಿಗೂ ಇರುವ ಅಂತರ. ನೋಟು ತಿರುಗಿಸಿ ಹಿಂದಿನ ಚಿತ್ರ ತೋರಿಸಿದಳು. 20 ಸಾವಿರದ್ದರ ಹಿಂದೆ ಒಂದು ಹಳೆಯ ಸೇತುವೆ ಇರುತ್ತದೆ, ಪಕ್ಕದ ಊರು ಹೋಯ್ ಆನ್‌ನದು. ಸೇತುವೆ ಇದ್ದರೆ ಚಿಕ್ಕ ನೋಟು. ಇದನ್ನು ನೆನಪಿಟ್ಟುಕೊಂಡರೆ ಸಾಕು. ನಾನು ಅವತ್ತೇ 5 ಲಕ್ಷದ ನೋಟುಗಳನ್ನು ಬೇರೆ ಪರ್ಸಿಗೆ ಹಾಕಿದೆ. ಉಳಿದ ದಿನ ಸಂಜೆಯಾದರೆ ಅವಳ ಗಾಡಿಯ ಹತ್ತಿರವೇ ಹೋಗಿ ಕೂರುತ್ತಿದ್ದೆ.

ಊಟದ ವಿಷಯ ನಮ್ಮಂಥ ಸಸ್ಯಾಹಾರಿಗಳಿಗೆ ಮುಖ್ಯ. ಅಲ್ಲಿ ತರಕಾರಿ ಸಾರಿಗೂ ಮೀನಿನ ರಸ ಹಾಕುತ್ತಾರೆ. 'ಮಾಂಸ ಬೇಡ' ಅಂದರೆ ಸಾಲದು. ಅಂಗಡಿಗಳ ಮೇಲೆ 'ಚಾಯ್' ಅಂತ ಬರೆದಿರುವುದನ್ನು ಟೀ ಅಂಗಡಿ ಅಂದುಕೊಂಡು ಎರಡು ಕಡೆ ದಾಟಿ ಹೋಗಿದ್ದೆ. ಅವರ ಭಾಷೆಯಲ್ಲಿ ಚಾಯ್ ಅಂದರೆ ಶುದ್ಧ ಸಸ್ಯಾಹಾರ, ಬುದ್ಧನ ಭಕ್ತರ ಊಟ. 'ಆನ್ ಚಾಯ್' ಅಂದರೆ 'ನಾನು ಸಸ್ಯಾಹಾರಿ' ಅಂತ ಅವರಿಗೆ ಗೊತ್ತಾಗುತ್ತದೆ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ ಅಲ್ಲಿ ಬಹಳ ಜನ ಮಾಂಸ ಮುಟ್ಟುವುದಿಲ್ಲ. ನಾನು ಇಳಿದಿದ್ದು ಅಮಾವಾಸ್ಯೆಯ ಮಾರನೇ ದಿನ, ಅವರ ತಿಂಗಳ ಮೊದಲ ದಿನ. ಅವ್ವ ಬೇಡ ಅಂದ ಅಮಾವಾಸ್ಯೆಯೇ ನನಗೆ ಒಳ್ಳೆಯದು ಮಾಡಿತು. ಚಾಯ್ ಅಂಗಡಿ ತುಂಬ ಜನ, ಬಿಸಿ ಬಿಸಿ ಊಟ. ಆ ಸೀಮೆಯದೇ ಆದ ಮೀ ಕ್ವಾಂಗ್ ತಿಂದೆ. ಅಗಲ ಅಕ್ಕಿ ಶಾವಿಗೆ, ಅರಿಸಿನದ ಬಣ್ಣ, ಮೇಲೆ ಹುರಿದ ಕಡಲೆಕಾಯಿ ಬೀಜ, ಹಪ್ಪಳದಂಥದ್ದು. 40 ಸಾವಿರ ಡಾಂಗ್. ಬಟ್ಟಲು ಖಾಲಿಯಾಗುವ ಹೊತ್ತಿಗೆ ರಾತ್ರಿ 7.30. ಆರು ಗಂಟೆ ಮುಗಿದಿತ್ತು. ಹೆದರಿಕೆಯೂ.

ಅಂಗಡಿಯ ಯಜಮಾನಿಯೇ ಪಕ್ಕದ ಬೀದಿಯಲ್ಲಿ ಅವಳ ನೆಂಟರ ಚಿಕ್ಕ ವಸತಿಗೃಹದಲ್ಲಿ ನಾಲ್ಕು ರಾತ್ರಿಗೆ ಕೋಣೆ ಕೊಡಿಸಿದಳು. ಮೊದಲಿನದು ರಾತ್ರಿಗೆ 1,300 ರೂಪಾಯಿ, ಇದು 2,200. ರಜೆಯ ದರ, ಮಾತಾಡುವಂತಿರಲಿಲ್ಲ. ನೀವು ಹೋಗುವ ವಾರದಲ್ಲಿ ಆ ದೇಶಕ್ಕೆ ಏನು ಹಬ್ಬ ಅಂತ ಟಿಕೆಟ್ ತೆಗೆಯುವ ಮುಂಚೆ ನೋಡಿ. ಮಳೆಯನ್ನೂ ನೋಡಿ. ಅಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್‌ನಿಂದ ಡಿಸೆಂಬರ್, ಚಂಡಮಾರುತಗಳೂ ಆಗಲೇ. ನಮ್ಮ ದಸರಾ ರಜೆಗೆ ಹೋಗುವ ಯೋಚನೆ ಇದ್ದರೆ ಬಿಟ್ಟುಬಿಡಿ.

ಮಾರನೇ ಬೆಳಿಗ್ಗೆ 5 ಗಂಟೆಗೇ ಎಚ್ಚರವಾಯಿತು. ಯಾರೂ ಇರುವುದಿಲ್ಲ ಅಂದುಕೊಂಡು ತೀರಕ್ಕೆ ಹೋದರೆ ಜಾತ್ರೆಯಂತೆ ಜನ. ಅಲ್ಲಿನವರು ಬಿಸಿಲಿಗೆ ಮುಂಚೆಯೇ ಸಮುದ್ರ ಸ್ನಾನ ಮುಗಿಸಿ ಕೆಲಸಕ್ಕೆ ಹೋಗುತ್ತಾರೆ. ಅಜ್ಜ ಅಜ್ಜಿಯರು, ಕಚೇರಿಗೆ ಹೋಗುವವರು, ಮಕ್ಕಳು, ಎಲ್ಲ ನೀರಿನಲ್ಲಿ. ನಾನು ಸಮುದ್ರ ನೋಡಿದ್ದು ಮಂಗಳೂರು, ಉಡುಪಿ, ಕಾರವಾರದಲ್ಲಿ. ನಮಗೆ ಸಮುದ್ರ ಅಂದರೆ ಸೂರ್ಯ ಮುಳುಗುವ ಜಾಗ. ಇಲ್ಲಿ ಅದೇ ನೀರಿನಿಂದ ಕೆಂಪಗೆ ಎದ್ದು ಬಂದ. ಸುಮ್ಮನೆ ಮರಳ ಮೇಲೆ ಕೂತುಬಿಟ್ಟೆ. ಭೂಪಟದಲ್ಲಿ ಪೂರ್ವ ತೀರ, ಪಶ್ಚಿಮ ತೀರ ಅಂತ ಎಷ್ಟು ಸಲ ಬೆರಳಿಟ್ಟು ತೋರಿಸಿದ್ದೇನೆ. ಅದರ ಅರ್ಥ ನನ್ನ ಮೈಗೆ ಗೊತ್ತಾಗಿದ್ದು ಅವತ್ತು.

ತೀರದಲ್ಲಿ ಬಿದಿರಿನ ದುಂಡು ದೋಣಿಗಳನ್ನು ಬೋರಲು ಹಾಕಿದ್ದರು. ನಮ್ಮ ಮುತ್ತತ್ತಿಯಲ್ಲಿ ಕಾವೇರಿಗೆ ಇಳಿಸುವ ತೆಪ್ಪವೇ. ಅದನ್ನು ಹೊಳೆಯಲ್ಲಿ ನೋಡಿದವಳಿಗೆ ಅಲೆಗಳ ಮೇಲೆ ನೋಡಿದಾಗ ಉಸಿರು ಬಿಗಿಹಿಡಿಯುವಂತಾಯಿತು. ಒಬ್ಬನೇ ಮನುಷ್ಯ, ಒಂದೇ ಹುಟ್ಟು, ಎದುರಿಗೆ ಅಷ್ಟು ದೊಡ್ಡ ಅಲೆ. ಬಲೆ ಹಾಕಿಕೊಂಡು ಸರಾಗವಾಗಿ ಹೋಗುತ್ತಿದ್ದ.

ಉಳಿದ ದಿನಗಳನ್ನು ಚಿಕ್ಕದಾಗಿ ಹೇಳುತ್ತೇನೆ, ಅದೆಲ್ಲ ಎಲ್ಲರೂ ನೋಡುವಂಥದ್ದೇ. ಸೋನ್ ತ್ರಾ ಗುಡ್ಡದ ಮೇಲೆ 67 ಮೀಟರ್ ಎತ್ತರದ ಬಿಳಿ ಕರುಣಾದೇವಿ ಸಮುದ್ರ ನೋಡುತ್ತ ನಿಂತಿದ್ದಾಳೆ, ಊರಿನ ಬಹಳ ಕಡೆಯಿಂದ ಕಾಣುತ್ತಾಳೆ. ದಾರಿ ತಪ್ಪಿದಾಗ ನನಗೆ ಗುರುತು ಅವಳೇ. ಅಮೃತಶಿಲೆಯ ಐದು ಬೆಟ್ಟಗಳಿಗೆ ಪಂಚಭೂತಗಳ ಹಾಗೆ ಹೆಸರಿದೆ: ಲೋಹ, ಮರ, ನೀರು, ಬೆಂಕಿ, ಮಣ್ಣು. ಶನಿವಾರ ರಾತ್ರಿ 9ಕ್ಕೆ ಹಾನ್ ನದಿಯ ಮೇಲಿನ 666 ಮೀಟರ್ ಉದ್ದದ ಡ್ರ್ಯಾಗನ್ ಸೇತುವೆಯ ಬಾಯಿಂದ ಬೆಂಕಿ, ಆಮೇಲೆ ನೀರು ಬರುತ್ತದೆ. ತಲೆಯ ಹತ್ತಿರ ನಿಂತರೆ ಪೂರ್ತಿ ನೆನೆಯುತ್ತೀರಿ, ಫೋನ್ ಒಳಗಿಡಿ. ಮೇ 2ರಂದು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಕಡಲ ತೀರದ ಕಾಫಿ ಅಂಗಡಿಯಲ್ಲಿ ಕೂತು ನನ್ನ ಮಕ್ಕಳ ಅಂಕಗಳನ್ನು ಒಂದೊಂದಾಗಿ ನೋಡಿದೆ. ಫೇಲಾದ ಮೂವರಿಗೆ ಅಲ್ಲಿಂದಲೇ ಫೋನ್ ಮಾಡಿ ಮುಂದಿನ ಪರೀಕ್ಷೆಗೆ ಕಟ್ಟಲು ಹೇಳಿದೆ. 'ಮಿಸ್, ಎಲ್ಲಿದ್ದೀರ, ಅಲೆ ಸದ್ದು ಕೇಳ್ತಿದೆ' ಅಂದ ಒಬ್ಬ.

ನಾನು ಹೋಗಿದ್ದೇ ಯಾವುದಕ್ಕೋ ಅದು ಡ್ರ್ಯಾಗನ್ ಸೇತುವೆಯ ಪಕ್ಕದಲ್ಲಿದೆ. ಚಾಮ್ ಶಿಲ್ಪಗಳ, ಅಂದರೆ ಆ ಚಂಪಾ ರಾಜ್ಯದವರ ಶಿಲ್ಪಗಳ ಮ್ಯೂಸಿಯಂ. ಫ್ರೆಂಚರ ಕಾಲದಲ್ಲಿ, 1919ರಲ್ಲಿ ತೆರೆದಿದ್ದು. ಟಿಕೆಟ್ 60 ಸಾವಿರ ಡಾಂಗ್. ಹೊರಗೆ ರಜೆಯ ಗದ್ದಲ, ಒಳಗೆ ಹತ್ತು ಜನವೂ ಇರಲಿಲ್ಲ. ಮೊದಲು ಕಂಡಿದ್ದು ನಿಂತಿರುವ ಗಣಪತಿ, ಒಂದು ಕೈಯಲ್ಲಿ ಬಟ್ಟಲು. ಆಮೇಲೆ ನಂದಿ. ಆಮೇಲೆ ಕುಣಿಯುವ ಶಿವ. ಆಮೇಲೆ ದೊಡ್ಡ ಪೀಠದ ಮೇಲೆ ಲಿಂಗ, ಸುತ್ತ ಕೆತ್ತನೆ. ಒಂದು ಪೀಠದ ಬದಿಯಲ್ಲಿ ಋಷಿಗಳು ಕೂತಿದ್ದಾರೆ, ಕೊಳಲು ಊದುತ್ತಿದ್ದಾರೆ. ಮುಖಗಳು ಅಲ್ಲಿನ ಜನರವು. ಅಗಲ ಮೂಗು, ದಪ್ಪ ತುಟಿ. ಕೂತಿರುವ ರೀತಿ ಮಾತ್ರ ನಮ್ಮದು.

ಭದ್ರವರ್ಮ, ಇಂದ್ರವರ್ಮ ಅಂತ ಅಲ್ಲಿನ ರಾಜರ ಹೆಸರು. ಭದ್ರವರ್ಮ ತನ್ನ ಹೆಸರನ್ನು ಸೇರಿಸಿ ದೇವರಿಗೆ ಭದ್ರೇಶ್ವರ ಅಂತ ಹೆಸರಿಟ್ಟ. ಶಾಸನದ ಕಲ್ಲಿನ ಮುಂದೆ ಬಹಳ ಹೊತ್ತು ನಿಂತೆ. ಓದಲು ಬರುವುದಿಲ್ಲ. ಆದರೆ ಅಕ್ಷರದ ದುಂಡು ನಮ್ಮ ಹಳೆಯ ಶಾಸನಗಳದ್ದೇ, ಎರಡಕ್ಕೂ ಬೇರು ಬ್ರಾಹ್ಮಿ. ಪುಸ್ತಕಕ್ಕೆ ಸಹಿ ಮಾಡಿ ಅಂತ ಕಾವಲಿನವರು ಕೇಳಿದರು. ನನ್ನ ಹೆಸರಿನ ಜೊತೆ ಅಪ್ಪನ ಹೆಸರನ್ನೂ ಬರೆದೆ, ಕನ್ನಡದಲ್ಲಿ. ಆತ ಅದನ್ನು ನೋಡಿ, ಶಾಸನದ ಕಲ್ಲಿನ ಕಡೆ ಕೈ ತೋರಿಸಿ ಏನೋ ಕೇಳಿದ. ಹೌದು ಅಂತ ತಲೆ ಅಲ್ಲಾಡಿಸಿದೆ.

ಆ ಶಿಲ್ಪಗಳಲ್ಲಿ ಹಲವು ಬಂದಿದ್ದು ಮೀ ಸೋನ್‌ನಿಂದ. ಡಾ ನಾಂಗ್‌ನಿಂದ ಸುಮಾರು 70 ಕಿಲೋಮೀಟರ್ ದೂರದ ಗುಡಿಗಳ ಕಣಿವೆ, 1999ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. 1969ರಲ್ಲಿ ಅಮೆರಿಕದ ಬಾಂಬುಗಳಿಗೆ ಅಲ್ಲಿನ ದೊಡ್ಡ ಗುಡಿ ಬಿದ್ದುಹೋಯಿತು. ನಮ್ಮ ದೇಶದ ಪುರಾತತ್ವ ಇಲಾಖೆಯವರು ಅಲ್ಲಿ ವರ್ಷಗಟ್ಟಲೆ ಜೀರ್ಣೋದ್ಧಾರ ಮಾಡಿದ್ದಾರೆ. 2020ರ ಮೇ ತಿಂಗಳಲ್ಲಿ ಹಾಗೆ ಕೆಲಸ ಮಾಡುವಾಗ ಒಂದೇ ಕಲ್ಲಿನ ಶಿವಲಿಂಗ ಸಿಕ್ಕಿತು, ಒಂಬತ್ತನೇ ಶತಮಾನದ್ದು. ಅಲ್ಲಿಗೆ ಹೋಗಬೇಕು ಅಂತಲೇ ಇದ್ದೆ. ಮೇ 1ಕ್ಕೂ ವ್ಯಾನಿನಲ್ಲಿ ಜಾಗವಿಲ್ಲ, 3ಕ್ಕೂ ಇಲ್ಲ. ಕಾರು ಮಾಡಿಕೊಂಡು ಹೋಗಲು ಕೇಳಿದ ದುಡ್ಡು ನನ್ನ ಕೈಯಲ್ಲಿ ಉಳಿದಿದ್ದಕ್ಕಿಂತ ಜಾಸ್ತಿ. ಬಹಳ ನೋವಾಯಿತು, ಇನ್ನೂ ಇದೆ. ನೀವು ಹೋದರೆ ಅದನ್ನು ಎರಡನೇ ದಿನವೇ ಬುಕ್ ಮಾಡಿ, ಕೊನೆಗೆ ಇಡಬೇಡಿ.

ಖರ್ಚಿನ ಲೆಕ್ಕ ಇದು. ಪಾಸ್‌ಪೋರ್ಟ್ 1,500, ವೀಸಾ ಎರಡು ಸಲ ಸೇರಿ 4,400, ಟಿಕೆಟ್ 27,300, ಪ್ರಯಾಣ ವಿಮೆ 900, ಕೋಣೆ 11,400, ಬೆಂಗಳೂರಿಗೆ ಹೋಗಿ ಬಂದಿದ್ದು 700. ಅಲ್ಲಿನ ಊಟ, ಓಡಾಟ, ಸಿಮ್, ಟಿಕೆಟ್‌ಗಳು ಎಲ್ಲ ಸೇರಿ 9,500ರ ಹತ್ತಿರ. ಒಟ್ಟು 56 ಸಾವಿರದ ಹತ್ತಿರ. ವೀಸಾ ನಾನೇ ಮೊದಲು ಮಾಡಿದ್ದರೆ, ಆ ರಜೆಯ ವಾರ ತಪ್ಪಿಸಿದ್ದರೆ ಆರು ಸಾವಿರದ ಹತ್ತಿರ ಉಳಿಯುತ್ತಿತ್ತು.

ಮೇ 5ರ ಬೆಳಿಗ್ಗೆ ಮನೆಗೆ ಬಂದೆ. ಅವ್ವ ಕಾಫಿ ಕೊಟ್ಟು, ಪಕ್ಕದಲ್ಲಿ ಕೂತು ಫೋನಿನ ಚಿತ್ರ ಒಂದೊಂದನ್ನೂ ನೋಡಿದಳು. ಸಮುದ್ರ, ಸೇತುವೆ, ಬಿಳಿ ದೇವಿ ಎಲ್ಲ ಬೇಗ ಬೇಗ ಸರಿಸಿದಳು. ಮ್ಯೂಸಿಯಂನ ಲಿಂಗದ ಹತ್ತಿರ ನಿಲ್ಲಿಸಿದಳು.

'ಇಲ್ಲಿ ಪೂಜೆ ಯಾರು ಮಾಡ್ತಾರವ್ವ?'

'ಯಾರೂ ಇಲ್ಲ ಅವ್ವ. ಸುಮ್ನೆ ಇಟ್ಟವ್ರೆ, ನೋಡಕ್ಕೆ.'

ಮೀ ಸೋನ್‌ನ ವಿಷಯವನ್ನೂ ಹೇಳಿದೆ. ಮಣ್ಣಿನಲ್ಲಿ ಸಿಕ್ಕಿದ ಲಿಂಗ, ನನಗೆ ಹೋಗಲು ಆಗಲಿಲ್ಲ ಅಂತ. ಅವಳು ಫೋನ್ ವಾಪಸ್ ಕೊಟ್ಟು, ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡಳು.

'ಮುಂದಿನ್ ಸಲ ಹೋದಾಗ ಮೊದ್ಲು ಅಲ್ಲಿಗೇ ಹೋಗು. ನಿಮ್ಮಪ್ಪನ ಹೆಸ್ರು ಹೇಳಿ ಒಂದು ಬಿಲ್ಪತ್ರೆ ಇಟ್ಟು ಬಾ.'